ಇಲಿ ಪಂಜರದೊಳಗೊಂದು ಒಗೆಯದ ಅಂಗಿ

ಹಿಂದೂಪುರದ ಪೇಟೆಯಲ್ಲಿ ಇಲಿಗೆ ಪಂಜರ ಬೇಕು ಎಂದು ಕೇಳಿದರೆ ಬೋನು ತಂದು ಮುಂದಿಡುತ್ತಾರೆ. ನಾನು ಮೊದಲು ಹೋದ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಹಾಗೇ ಆಯಿತು. ಅಂಗಡಿಯವರು ಮರದ ಬೋನೊಂದನ್ನು ಇಳಿಸಿ, ಅದರ ಬಾಗಿಲು ಹೇಗೆ ಬೀಳುತ್ತದೆ ಎಂಬುದನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಹಿಡಿಯುವುದಕ್ಕಲ್ಲ, ಸಾಕುವುದಕ್ಕೆ ಎಂದೆ. ಅವರು ಒಮ್ಮೆ ನನ್ನ ನರೆತ ತಲೆಯನ್ನು ನೋಡಿದರು.

“ಸಾಕಾಕಾ ಮೇಡಂ? ನಮ್ ಗೋಡೌನ್‌ನಾಗೆ ಒಂದು ಸಂಸಾರನೇ ಐತೆ. ಬೇಕಾದ್ರೆ ಪುಕ್ಸಟ್ಟೆ ಇಡ್ಕಂಡೋಗಿ.”

ಅಲ್ಲಿಂದ ಹಕ್ಕಿ ಪಂಜರ ಮಾರುವವರ ಬಳಿ ಹೋದೆ. ಆ ಪಂಜರಗಳಿಗೆ ಎತ್ತರವಿತ್ತು, ಅಗಲವಿರಲಿಲ್ಲ. ಸರಳುಗಳ ನಡುವೆ ನನ್ನ ಹೆಬ್ಬೆರಳು ಸಲೀಸಾಗಿ ತೂರುತ್ತಿತ್ತು. ಹೆಬ್ಬೆರಳು ತೂರುವ ಕಡೆ ಇಲಿಯ ತಲೆ ತೂರುತ್ತದೆ, ತಲೆ ಹೋದ ಕಡೆ ಮೈಯೂ ಹೋಗುತ್ತದೆ. ಕೋಳಿ ಗೂಡುಗಳಿಗೆ ತಳವೂ ತಂತಿಯದೇ. ಹಗಲೂ ರಾತ್ರಿ ತಂತಿಯ ಮೇಲೆ ನಡೆದರೆ ಅಂಗಾಲು ಹುಣ್ಣಾಗುತ್ತದೆ. ಕೊನೆಗೆ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಅಳತೆ ಕೊಟ್ಟು ಮಾಡಿಸಿದೆ. ಸಣ್ಣ ಕಣ್ಣಿನ ಜಾಲರಿ, ತಗಡಿನ ತಳ, ಮುಂಭಾಗ ಇಡಿಯಾಗಿ ತೆರೆಯುವ ಬಾಗಿಲು, ಒಳಗೆ ಹಲಗೆಯ ಎರಡು ಅಟ್ಟ. ಬಣ್ಣ ಬಳಿಯಬೇಡಿ ಎಂದು ಒತ್ತಿ ಹೇಳಿದೆ, ಕಡಿಯುವ ಪ್ರಾಣಿಗೆ ಬಣ್ಣ ಹೊಟ್ಟೆಗೆ ಹೋಗುತ್ತದೆ. ಬೆಸುಗೆಯ ಮುಳ್ಳುಗಳನ್ನು ನನ್ನೆದುರಿಗೇ ಉಜ್ಜಿಸಿದೆ. ಯಾವ ಹಕ್ಕಿಗೆ ಎಂದು ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಲಿಗಳು ಮೊಮ್ಮಗಳವು. ಮಗಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದೇನೆ. ಅಳಿಯಂದಿರದು ಬಿತ್ತನೆ ಬೀಜ, ಗೊಬ್ಬರದ ವ್ಯಾಪಾರ. ಬೀದಿಗೆ ಅಂಗಡಿ, ಹಿಂದೆ ಗೋದಾಮು, ಮೇಲೆ ಮನೆ. ಮೊಮ್ಮಗಳು ಬೆಂಗಳೂರಿನ ಗೆಳತಿಯೊಬ್ಬಳಿಂದ ಈ ಎರಡು ಹೆಣ್ಣು ಇಲಿಗಳನ್ನು ತಂದುಕೊಂಡಿದ್ದಳು. ಬಿಲದ ಇಲಿಗಳಲ್ಲ, ತಲೆಮಾರುಗಳಿಂದ ಮನುಷ್ಯರ ಕೈಯಲ್ಲೇ ಹುಟ್ಟಿ ಬೆಳೆದ ಜಾತಿ. ಅವಳು ಮನೆಯಲ್ಲಿರುವತನಕ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಸಾಕಿದಳು. ಹತ್ತನೆಯದು ಮುಗಿದು ಇಂಟರ್‌ಗೆ ಹಿಂದೂಪುರದ ಹೊರವಲಯದ ವಸತಿ ಕಾಲೇಜಿಗೆ ಸೇರಿಸಿದಾಗ ಇಲಿಗಳು ಎಲ್ಲಿ ಎಂಬ ಪ್ರಶ್ನೆ ಬಂತು. ಅಳಿಯಂದಿರ ಗೋದಾಮಿನ ಮೂಲೆ ಮೂಲೆಯಲ್ಲಿ ಇಲಿ ಪಾಷಾಣ ಇಟ್ಟಿರುತ್ತದೆ. ಒಂದು ಸಲ ಬಾಗಿಲು ತೆರೆದು ಮರೆತರೆ ಮುಗಿಯಿತು. ಅವರಿಗೆ ಇನ್ನೊಂದು ಸಂಕಟವೂ ಇತ್ತು.

“ಬಿತ್ತನೆ ಕಾಯಿ ಮಾರೋನ ಮನ್ಯಾಗೆ ಇಲಿ ಸಾಕವ್ರೆ ಅಂತ ಗೊತ್ತಾದ್ರೆ, ಬ್ರಹ್ಮಸಮುದ್ರದ ಕಡೆ ರೈತ್ರು ಒಬ್ರೂ ನನ್ನ ಅಂಗಡಿ ಮೆಟ್ಲು ಅತ್ತಾಕಿಲ್ಲ ಅತ್ತೆ,” ಎಂದರು ಫೋನಿನಲ್ಲಿ. ಅವರ ದನಿಯಲ್ಲಿ ತಮಾಷೆಯೂ ಇತ್ತು, ಭಯವೂ ಇತ್ತು.

ನಾನು ಇಟ್ಟುಕೊಳ್ಳುತ್ತೇನೆ ಎಂದೆ. ನಾನು ನರ್ಸಾಗಿ ಸೇರಿ ಹೆಡ್ ನರ್ಸಾಗಿ ನಿವೃತ್ತಳಾದವಳು. ತರಬೇತಿಯ ಕಾಲದಲ್ಲಿ ನಮ್ಮ ಹಾಸ್ಟೆಲಿನ ಮೇಟ್ರನ್ ಬಿಳಿ ಬಟ್ಟೆಯಿಂದ ಕಿಟಕಿಯ ಚೌಕಟ್ಟು ಒರೆಸಿ, ಧೂಳು ಕಂಡರೆ ಆ ದಿನದ ಕಾಫಿ ಕೊಡುತ್ತಿರಲಿಲ್ಲ. ಆ ಶಿಸ್ತು ಮೈಗೆ ಹತ್ತಿ ಇವತ್ತಿಗೂ ಬಿಟ್ಟಿಲ್ಲ. ಬೆಳಕು ಹರಿಯುವ ಮೊದಲು ಏಳುವುದು, ಅಂಗಳ ತೊಳೆಯುವುದು, ಸ್ನಾನ, ವಿಭೂತಿ, ಪೂಜೆ, ಆಮೇಲೆ ಕಾಫಿ. ಭಾನುವಾರ ಹೊದಿಕೆ, ಪರದೆ, ಕಾಲೊರಸು ಎಲ್ಲ ಹಂಡೆಯ ಬಿಸಿನೀರಿಗೆ. ಎರಡು ಇಲಿಗಳನ್ನು ಈ ಕ್ರಮದೊಳಗೆ ಸೇರಿಸುವುದು ಕಷ್ಟವೆನಿಸಲಿಲ್ಲ. ಮೊಮ್ಮಗಳು ಅವಕ್ಕೆ ಏನೋ ಹೆಸರಿಟ್ಟಿದ್ದಳು. ವಾರ್ಡಿನಲ್ಲಿ ಹಾಸಿಗೆಯ ಸಂಖ್ಯೆಯಿಂದಲೇ ರೋಗಿಗಳನ್ನು ಗುರುತಿಟ್ಟುಕೊಂಡು ರೂಢಿಯಾದ ನನಗೆ ಅವು ಕರಿದು ಮತ್ತು ಬೂದು, ಅಷ್ಟೆ.

ಕಾಲೇಜಿಗೆ ಹೋಗುವ ದಿನ ಅವಳು ಪಂಜರದ ಮುಂದೆ ಕುಳಿತು ಎದ್ದೇಳಲೇ ಇಲ್ಲ. ಕಾಲೇಜಿನಲ್ಲಿ ಫೋನಿಲ್ಲ. ತಿಂಗಳಿಗೊಂದು ಭಾನುವಾರ ಮನೆಯವರು ಹೋಗಿ ನೋಡಬಹುದು. ಮಕ್ಕಳು ಹೊರಗೆ ಬರುವುದು ದಸರೆಗೆ.

“ಅಜ್ಜಿ, ದಸರಾಕೆ ನಾನು ಬರೋ ಹೊತ್ಗೆ ಅವು ನನ್ನ ಮರ್ತೋಗಿರ್ತವಾ?”

ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಅಭ್ಯಾಸ ನನಗಿಲ್ಲ. ಅವಳು ಓದಿಕೊಂಡಿದ್ದಳು. ಇಲಿಗಳ ಕಣ್ಣು ಮಂದ, ಮನುಷ್ಯರನ್ನು ಅವು ವಾಸನೆಯಿಂದಲೇ ಹೆಚ್ಚಾಗಿ ಗುರುತಿಸುತ್ತವೆ ಎಂದಳು. ಚೀಲದಿಂದ ಚೌಕಳಿಯ ಹಳೆಯ ಹತ್ತಿ ಅಂಗಿಯೊಂದನ್ನು ತೆಗೆದಳು. ಹಲವು ರಾತ್ರಿ ತೊಟ್ಟು ಮಲಗಿದ್ದು, ಮುದುಡಿ ಬೆವರು ವಾಸನೆ ಬರುತ್ತಿತ್ತು. ಅದನ್ನು ಪಂಜರದಲ್ಲಿ ಜೋಲಿಯಂತೆ ಕಟ್ಟಬೇಕು.

“ಒಗೀಬ್ಯಾಡ ಅಜ್ಜಿ. ನಿನ್ನ ಕೈ ಸುಮ್ನಿರಲ್ಲ ಅಂತ ಗೊತ್ತು. ಬೇರೆ ಏನ್ ಬೇಕಾದ್ರೂ ಒಕ್ಕೋ, ಇದೊಂದ್ನ ಮುಟ್ಬ್ಯಾಡ.”

ಆಗಲಿ ಎಂದು ಮಾತು ಕೊಟ್ಟೆ. ಇಲಿಗಳನ್ನು ಜೀವಂತ ಇಡುವುದು ಒಂದು ಕೆಲಸ. ಅವು ಅವಳನ್ನು ಮರೆಯದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದು ನನಗೆ ಬರುತ್ತದೆ ಅಂದುಕೊಂಡೆ. ಒಗೆಯದ ಬಟ್ಟೆಯೊಂದು ನಡುಮನೆಯಲ್ಲಿ ನೇತಾಡುವುದನ್ನು ದಿನಾ ನೋಡುವುದೇ ಕಷ್ಟ ಎನಿಸಿತ್ತು.

ಮೊದಮೊದಲು ಪಂಜರವನ್ನು ವಾರ್ಡಿನ ಹಾಗೆ ಇಟ್ಟೆ. ನೀರಿನ ಬಾಟಲಿ, ಊಟದ ಬಟ್ಟಲು, ಅಂಗಿಯ ಜೋಲಿ. ಬೇರೇನೂ ಇಲ್ಲ. ಒರೆಸಲು ಸುಲಭ. ಇಲಿಗಳು ಹಗಲೆಲ್ಲ ಜಾಲರಿ ಕಡಿಯುತ್ತಾ ಕುಳಿತವು. ಕೆಲವು ದಿನಗಳಲ್ಲಿ ಬೂದು ತನ್ನ ಮುಂಗಾಲಿನ ಕೂದಲನ್ನು ತಾನೇ ಕಿತ್ತುಕೊಂಡು ಬೋಳು ಮಾಡಿಕೊಂಡಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರು ಹೊದಿಕೆಯ ದಾರ ಕೀಳುತ್ತಾ ಮಲಗಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಔಷಧಿ ಸಾಲದು, ಕೈಗೆ ಏನಾದರೂ ಕೆಲಸ ಕೊಡಬೇಕು. ಇಲಿಗಳಿಗೂ ಆಟದ ಸಾಮಾನು ಬೇಕು ಎಂಬುದು ಆಗ ತಿಳಿಯಿತು.

ಆಟದ ಸಾಮಾನು ಆರಿಸುವುದಕ್ಕೆ ನಾನು ಒಂದು ಕ್ರಮ ಮಾಡಿಕೊಂಡೆ. ಏನೇ ಬರಲಿ, ಮೊದಲು ಅದರ ಮೇಲೆಲ್ಲ ಬೆರಳಾಡಿಸುವುದು. ಚೂಪು ಇದೆಯೇ, ಸೀಳು ಇದೆಯೇ, ಕಡಿದರೆ ಹೊಟ್ಟೆಗೆ ಏನು ಹೋಗುತ್ತದೆ, ಉಗುರು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಆಗುತ್ತದೆಯೇ. ಬೆಂಗಳೂರಿನಿಂದ ಯಾರ ಕೈಯಲ್ಲೋ ತರಿಸಿದ ಓಡುವ ಚಕ್ರ ಇದರಲ್ಲಿ ಸೋತಿತು. ಅದು ಕಡ್ಡಿ ಕಡ್ಡಿಯದು, ತಿರುಗುವಾಗ ಕಡ್ಡಿಗಳ ನಡುವೆ ಬಾಲ ಸಿಕ್ಕಿದರೆ ಬಾಲದ ತೊಗಲೇ ಸುಲಿದು ಬರುತ್ತದೆ. ಸಾಮಿಲ್ಲಿನ ಮರದ ಹೊಟ್ಟು ತಂದು ಹಾಸಿದೆ. ಎರಡೂ ಸೀನಲು ಶುರು ಮಾಡಿದ್ದರಿಂದ ಅದನ್ನು ತೆಗೆದು, ಹಳೆಯ ತೆಲುಗು ದಿನಪತ್ರಿಕೆಗಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಹಾಕಿದೆ. ಹಳೆಯ ಮೊಸರಿನ ಮಡಕೆಯೊಂದನ್ನು ಮಗ್ಗುಲಾಗಿ ಇಟ್ಟೆ. ಹಿಂದೂಪುರದ ಸೆಕೆಗೆ ಅದರಷ್ಟು ತಣ್ಣನೆಯ ಜಾಗ ಮನೆಯಲ್ಲಿ ನನಗೂ ಇರಲಿಲ್ಲ. ತೆಂಗಿನ ಚಿಪ್ಪಿನ ಅಂಚನ್ನು ಒಗೆಯುವ ಕಲ್ಲಿಗೆ ತಿಕ್ಕಿ ನಯ ಮಾಡಿ ಅದನ್ನೂ ಸೇರಿಸಿದೆ. ಗೇಟಿನ ಪಕ್ಕ ಕಣಗಿಲೆ ಇದೆ, ಅದರ ಒಂದು ಎಲೆಯೂ ಪಂಜರದ ಹತ್ತಿರ ಬರದಂತೆ ನೋಡಿಕೊಂಡೆ. ಅದು ವಿಷ.

ಅಳಿಯಂದಿರಿಗೆ ಇಲಿಗಳು ತಮ್ಮ ಮನೆಯಿಂದ ಹೋದ ಮೇಲೆ ಅವುಗಳ ಮೇಲೆ ಪ್ರೀತಿ ಹುಟ್ಟಿತು. ಕಲ್ಯಾಣದುರ್ಗದಿಂದ ಬರುವವರ ಕೈಯಲ್ಲಿ ಒಂದು ಗಂಟು ಕಳಿಸಿದರು. ಅದರಲ್ಲಿ ಶೇಂಗಾ ಕಾಯಿ, ಕಂಬದೂರಿನ ಕುರಿಗಾರರೊಬ್ಬರಿಂದ ಕೊಂಡ ಒಂದು ಗೆಜ್ಜೆ. ಮರಿಗಳ ಕೊರಳಿಗೆ ಕಟ್ಟುವಂಥದ್ದು, ನೋಡಲು ಚೆನ್ನಾಗಿತ್ತು. ಗೆಜ್ಜೆಯ ಸೀಳಿನಲ್ಲಿ ನನ್ನ ಕಿರುಬೆರಳಿನ ಉಗುರು ಇಟ್ಟು ನೋಡಿದೆ, ಒಳಗೆ ಹೋದದ್ದು ಹೊರಗೆ ಬರುವಾಗ ಕಚ್ಚಿಕೊಂಡಿತು. ಬೇಡ ಎಂದು ತೆಗೆದಿಟ್ಟೆ. ಕಾಯಿ ಅಂಗಡಿಯದೇ ಎಂದು ಫೋನು ಮಾಡಿ ಕೇಳಿದೆ. ಹೌದು, ಒಳ್ಳೆಯ ಬಿತ್ತನೆ ಕಾಯಿ ಎಂದರು. ಬಿತ್ತನೆಯದಕ್ಕೆ ಔಷಧಿ ತಾಕಿರುತ್ತದೆ, ಇಲಿಗೂ ಬೇಡ, ನಮಗೂ ಬೇಡ ಎಂದೆ. ಅವರಿಗೆ ಸ್ವಲ್ಪ ಬೇಸರವಾಯಿತು. ನಾನು ಇಲ್ಲೇ ಹುರಿದ ಕಾಯಿ ಕೊಂಡು ಸಿಪ್ಪೆಯ ಸಮೇತ ಪತ್ರಿಕೆಯಲ್ಲಿ ಸುತ್ತಿ ಬಚ್ಚಿಟ್ಟೆ. ಹುಡುಕಿ, ಸುಲಿದು ತಿನ್ನುವುದರಲ್ಲಿ ಅವುಗಳ ಸಂಜೆ ಕಳೆಯುತ್ತಿತ್ತು. ಬೂದುವಿನ ಮುಂಗಾಲಿನಲ್ಲಿ ಕೂದಲು ಮತ್ತೆ ಚಿಗುರಿತು.

ನನ್ನ ತಂಗಿಯದು ಚಿಲಮತ್ತೂರಿನ ಕಡೆ ರೇಷ್ಮೆ. ಹಿಪ್ಪುನೇರಳೆ ತೋಟವಿದೆ, ಹುಳುಮನೆ ಇದೆ, ಗೂಡು ಮಾರಲು ಹಿಂದೂಪುರದ ಮಾರುಕಟ್ಟೆಗೆ ಬಂದಾಗಲೆಲ್ಲ ನನ್ನ ಮನೆಗೆ ಬಂದು ಊಟ ಮಾಡಿಕೊಂಡು ಹೋಗುತ್ತಾಳೆ. ಹುಳು ಸಾಕುವವರಿಗೆ ಇಲಿಯಷ್ಟು ದೊಡ್ಡ ವೈರಿ ಇಲ್ಲ. ಗೂಡು ಕಟ್ಟುವಷ್ಟು ಹಣ್ಣಾದ ಹುಳುಗಳನ್ನು ಒಂದೇ ರಾತ್ರಿಯಲ್ಲಿ ತಟ್ಟೆಗಟ್ಟಲೆ ತಿಂದು ಹಾಕುತ್ತವೆ. ಪಂಜರದ ಮುಂದೆ ಅವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ನಮ್ಮನ್ಯಾಗೆ ಪೊರಕೆ ತಗಂಡು ಅಟ್ಟಾಡಿಸ್ತೀವಿ. ನೀನು ಜೋಲಿ ಕಟ್ಟಿ ತೂಗ್ತಾ ಇದೀಯಲ್ಲಕ್ಕ. ಹಾಡೂ ಹೇಳ್ತೀಯಾ?”

ಹಾಗೆ ಅಂದವಳೇ ಮುಂದಿನ ಸಲ ಹಿಪ್ಪುನೇರಳೆ ಕಡ್ಡಿಗಳ ಕಟ್ಟು ತಂದಳು. ಹುಳು ತಿನ್ನುವ ಸೊಪ್ಪಿಗೆ ಯಾರೂ ಔಷಧಿ ಹೊಡೆದು ತರುವುದಿಲ್ಲ, ಆದ್ದರಿಂದ ಇಲಿ ಕಡಿಯಲು ಅದಕ್ಕಿಂತ ಒಳ್ಳೆಯ ಕಡ್ಡಿ ಸಿಗಲಾರದು. ತೊಗಟೆಯನ್ನೆಲ್ಲ ಸುಲಿದು ಎರಡೂ ಸಂಭ್ರಮಪಟ್ಟವು. ತಂಗಿಗೆ ಅದು ಹಿಗ್ಗಾಯಿತು. ಆಮೇಲೆ ಅವಳು ಬಂದಾಗ ಸೆರಗಿನಲ್ಲಿ ಮುಚ್ಚಿಕೊಂಡು ತಂದದ್ದು ಗೂಡಿನ ಮೇಲಿನ ಎಳೆ.

ರೇಷ್ಮೆ ಹುಳು ಗೂಡು ಕಟ್ಟುವಾಗ ಮೊದಲು ಹೊರಗಡೆ ಹತ್ತಿಯಂಥ ಸಡಿಲ ಎಳೆಯನ್ನು ಸುತ್ತಿಕೊಳ್ಳುತ್ತದೆ. ಮಾರುವ ಮೊದಲು ಅದನ್ನು ಬಿಡಿಸಿ ತೆಗೆಯುತ್ತಾರೆ. ನಮ್ಮ ಮನೆತನದಲ್ಲಿ ಅದನ್ನು ಎಸೆಯುವುದಿಲ್ಲ. ಹುಟ್ಟಿದ ಮಗುವಿನ ತಲೆದಿಂಬಿಗೆ ತುಂಬುತ್ತಾರೆ. ನನ್ನ ತಾಯಿ ನನಗೂ ತಂಗಿಗೂ ತುಂಬಿದ್ದಳಂತೆ. ನನ್ನ ಮಗಳಿಗೆ ನಾನು ತುಂಬಿದೆ, ಮೊಮ್ಮಗಳಿಗೆ ತಂಗಿ ತುಂಬಿ ಕಳಿಸಿದಳು. ನಮ್ಮ ಪಾಲಿಗೆ ಅದಕ್ಕಿಂತ ಮೆತ್ತಗಿನದು, ಅದಕ್ಕಿಂತ ಮಡಿಯಾದದ್ದು ಇನ್ನೊಂದಿಲ್ಲ.

“ಪಾಪನೂ ಇದ್ರ ಮ್ಯಾಲೇ ಮಲ್ಗಿ ಬೆಳ್ದಿದ್ದು. ಅವಳ ಇಲಿಗೂ ಇರ್ಲಿ ಕಣಕ್ಕ,” ಎಂದಳು.

ನಾನು ಬೆರಳಾಡಿಸಿ ನೋಡಿದೆ. ಚೂಪಿಲ್ಲ, ಸೀಳಿಲ್ಲ, ಬಣ್ಣವಿಲ್ಲ. ಮಡಕೆಯೊಳಗೆ ಒಂದು ಹಿಡಿ ತುಂಬಿದೆ. ದಿಂಬಿನಲ್ಲಾದರೆ ಅದರ ಮೇಲೆ ಬಟ್ಟೆಯ ಹೊಲಿಗೆ ಇರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಇಲಿಗಳು ಅದನ್ನು ಎಳೆದು, ಹಿಂಜಿ, ಮಡಕೆಯೊಳಗೆ ದುಂಡನೆಯ ಗೂಡು ಮಾಡಿಕೊಂಡು ಮಲಗಿದವು. ತಂಗಿ ಊಟಕ್ಕೆ ಕುಳಿತಲ್ಲಿಂದಲೇ ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಪಂಜರದ ತಪಾಸಣೆ ನನ್ನ ಪೂಜೆಯಾದ ಮೇಲಿನ ಕೆಲಸ. ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಬೂದು ಬಟ್ಟಲಿನ ಹತ್ತಿರ ಬರಲಿಲ್ಲ. ಕೈ ಹಾಕಿ ಎತ್ತಿದೆ. ಹಿಂಗಾಲಿನ ಹೊರಬೆರಳು ಊದಿ, ಕಪ್ಪು ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳಿನ ಬುಡದಲ್ಲಿ ರೇಷ್ಮೆಯ ಎಳೆ ಸುತ್ತಿಕೊಂಡು ತೊಗಲಿನೊಳಕ್ಕೆ ಇಳಿದಿತ್ತು. ಹತ್ತಿಯ ದಾರವಾದರೆ ಎಳೆದಾಡಿದಾಗ ಹರಿಯುತ್ತದೆ. ರೇಷ್ಮೆ ಹರಿಯುವುದಿಲ್ಲ. ಪ್ರಾಣಿ ಎಳೆದಷ್ಟೂ ಅದು ಬಿಗಿಯುತ್ತದೆ. ಹಸುಗೂಸುಗಳ ಕಾಲ್ಬೆರಳಿಗೆ ತಾಯಿಯ ತಲೆಗೂದಲು ಸುತ್ತಿಕೊಂಡು ಹೀಗಾದದ್ದನ್ನು ವಾರ್ಡಿನಲ್ಲಿ ನೋಡಿದ್ದೆ. ಟವೆಲಿನಲ್ಲಿ ಮೈ ಸುತ್ತಿ, ಮೇಜಿನ ದೀಪ ಹಾಕಿ, ಹೊಲಿಗೆ ಬಿಚ್ಚುವ ಸಣ್ಣ ಕತ್ತರಿಯಿಂದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದೆ. ಅದು ನನ್ನ ಬೆರಳನ್ನು ಒಮ್ಮೆ ಹಲ್ಲಿನಲ್ಲಿ ಹಿಡಿದುಕೊಂಡಿತು, ಕಚ್ಚಲಿಲ್ಲ.

ಪಶುವೈದ್ಯರ ಬಳಿ ಕುರಿ, ಎಮ್ಮೆಗಳ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತೆ. ವೈದ್ಯರು ಬುಟ್ಟಿಯ ಮುಚ್ಚಳ ತೆಗೆದು ನೋಡಿ ನಕ್ಕರು, ಆಮೇಲೆ ಕಾಲು ನೋಡಿ ನಗು ನಿಲ್ಲಿಸಿದರು. ನೋವಿಗೂ ಕೀವಾಗದಂತೆಯೂ ಹನಿ ಲೆಕ್ಕದಲ್ಲಿ ಕೊಡಲು ಔಷಧಿ ಬರೆದರು. ಬೆರಳು ಉಳಿಯುವುದು ಅನುಮಾನ, ಕಾಲು ಉಳಿದರೆ ಸಾಕು ಎಂದರು. ನನಗೂ ಹಾಗೇ ಕಂಡಿತ್ತು.

ಮನೆಗೆ ಬಂದವಳೇ ಪಂಜರ ಪೂರ್ತಿ ಖಾಲಿ ಮಾಡಿದೆ. ರೇಷ್ಮೆ ಎಳೆಯನ್ನು ಒಲೆಗೆ ಹಾಕಿದೆ. ಗಾಯವಿರುವ ಪ್ರಾಣಿ, ಸೋಂಕು ತಗಲಬಾರದು. ಚಿಪ್ಪು, ಮಡಕೆ, ಅಟ್ಟದ ಹಲಗೆ, ಹಾಸಿನ ಬಟ್ಟೆ, ಜೋಲಿ, ಎಲ್ಲವೂ ಕುದಿಯುವ ಹಂಡೆಗೆ. ಆಸ್ಪತ್ರೆಯಲ್ಲಿ ನಾನು ಮಾಡುತ್ತಿದ್ದುದು ಅದನ್ನೇ. ಬಿಸಿಲಿನಲ್ಲಿ ಹಗ್ಗದ ಮೇಲೆ ಅಂಗಿಯನ್ನು ಹರವಿ, ಕ್ಲಿಪ್ಪು ಹಾಕುವಾಗ ಅದು ಯಾವ ಅಂಗಿ ಎಂಬುದು ನೆನಪಾಯಿತು. ಮೂಗಿಗೆ ಹಿಡಿದೆ. ಸೋಪಿನ ವಾಸನೆ, ಬಿಸಿನೀರಿನ ವಾಸನೆ. ಕೊಳೆಯೆಲ್ಲ ಹೋಗಿ ಚೌಕಳಿ ಎದ್ದು ಕಾಣುತ್ತಿತ್ತು.

ತಂಗಿಗೆ ಫೋನು ಮಾಡಿ ಇದ್ದದ್ದು ಹೇಳಿದೆ. ಮರುದಿನವೇ ಬಂದಳು, ಮಾರುಕಟ್ಟೆಯ ದಿನವೂ ಅಲ್ಲ. ಪಂಜರದ ಮುಂದೆ ನೆಲಕ್ಕೆ ಕುಳಿತಳು. ಬೂದು ಮೂಲೆಯಲ್ಲಿ ಕಾಲು ನೆಕ್ಕಿಕೊಳ್ಳುತ್ತಿತ್ತು.

“ಹುಳ ತಿನ್ನಾಕೆ ಬಂದ ಇಲೀನ ಎಷ್ಟು ಹೊಡ್ದಾಕಿದೀನೋ, ಒಂದ್ಸಲಾನೂ ಕೈ ನಡುಗಿಲ್ಲ. ಇದ್ರ ಕಾಲು ನೋಡು ಅಕ್ಕ, ನಂಗೆ ನೋಡಾಕೇ ಆಯ್ತಿಲ್ಲ.” ಏಳುವಾಗ, “ಪಾಪಂಗೆ ನಾನೇ ತಂದುಕೊಟ್ಟೆ ಅಂತ ಹೇಳ್ಬ್ಯಾಡ ಕಣಕ್ಕ,” ಎಂದಳು.

ಫೋನಿನಲ್ಲಿ ಮಗಳದೂ ಅದೇ ಮಾತು, ಕಾರಣ ಮಾತ್ರ ಬೇರೆ. ಕಾಲೇಜಿನಲ್ಲಿ ವಾರ ವಾರ ಪರೀಕ್ಷೆ ನಡೆಯುತ್ತದೆ, ಮಗು ಈ ಸುದ್ದಿ ಕೇಳಿದರೆ ಪುಸ್ತಕ ಮುಚ್ಚಿ ಕುಳಿತುಬಿಡುತ್ತದೆ, ದಸರೆಗೆ ಬಂದಾಗ ತಾನೇ ನೋಡಲಿ ಎಂದಳು. ದಸರೆಗೆ ನೋಡಿದರೆ ಅವಳಿಗೆ ಗೊತ್ತಾಗುವುದು ಬೆರಳು ಹೋದದ್ದು ಮಾತ್ರವಲ್ಲ, ನಾವು ಮೂವರೂ ಸುಮ್ಮನಿದ್ದದ್ದೂ ಗೊತ್ತಾಗುತ್ತದೆ ಎಂದೆ. ಮಗಳು ಫೋನಿಟ್ಟಳು.

ಬೆರಳು ಒಣಗಿ ಉದುರಿತು. ಗಾಯ ಮಾಯಿತು. ಆದರೆ ಪಂಜರದ ಸ್ಥಿತಿ ಸರಿಹೋಗಲಿಲ್ಲ. ನಾನು ಎಲ್ಲವನ್ನೂ ಕುದಿಸಿದ ಮೇಲೆ ಇಲಿಗಳು ಪ್ರತಿ ಮೂಲೆಯಲ್ಲಿ ಹನಿ ಹನಿಯಾಗಿ ಉಚ್ಚೆ ಹಾಕುತ್ತಾ ತಿರುಗಿದವು. ನಾನು ಒರೆಸಿದೆ. ಅವು ಮತ್ತೆ ಹಾಕಿದವು. ಒರೆಸಿದಷ್ಟೂ ಹೆಚ್ಚಾಯಿತು. ಒಂದು ಸಂಜೆ ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಸುಮ್ಮನೆ ನೋಡಿದೆ. ಇದು ತಮ್ಮ ಮನೆಯೆಂದು ಅವಕ್ಕೆ ಗೊತ್ತಾಗುವುದು ವಾಸನೆಯಿಂದ, ಆ ಗುರುತನ್ನೆಲ್ಲ ನಾನು ಅಳಿಸಿಬಿಟ್ಟಿದ್ದೇನೆ ಎಂದು ಅರ್ಥವಾಯಿತು. ಅಂದಿನಿಂದ ಒಂದು ವಾರ ಪಂಜರದ ಒಂದು ಅರ್ಧ, ಮುಂದಿನ ವಾರ ಇನ್ನೊಂದು ಅರ್ಧ ತೊಳೆಯುವುದು ಎಂದು ಕ್ರಮ ಬದಲಾಯಿಸಿದೆ. ನನ್ನ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ. ಅಂಗಿಗೆ ಮಾತ್ರ ನನ್ನ ಬಳಿ ಮದ್ದು ಇರಲಿಲ್ಲ. ಒಗೆದ ಆ ಜೋಲಿಯಲ್ಲಿ ಎರಡೂ ಮಲಗುತ್ತಿರಲಿಲ್ಲ.

ನೋಡಲು ಬಿಡುವ ಭಾನುವಾರ ನಿಪ್ಪಟ್ಟು ಕಟ್ಟಿಕೊಂಡು ಕಾಲೇಜಿಗೆ ಹೋದೆ. ಶೀಟಿನ ಚಾವಣಿಯ ಕೆಳಗೆ ಊರೂರಿನ ತಂದೆತಾಯಂದಿರು ಕ್ಯಾರಿಯರ್ ಬಿಚ್ಚಿ ಮಕ್ಕಳಿಗೆ ತಿನ್ನಿಸುತ್ತಿದ್ದರು. ಮೊಮ್ಮಗಳು ಬಂದವಳೇ ಅವು ಹೇಗಿವೆ ಎಂದು ಕೇಳಿದಳು, ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ. ಕೆಟ್ಟ ಸುದ್ದಿ ಹೇಳುವಾಗ ಜೀವದ ಮಾತು ಮೊದಲು ಹೇಳಬೇಕು. ಎರಡೂ ಬದುಕಿವೆ, ಚೆನ್ನಾಗಿ ತಿನ್ನುತ್ತಿವೆ ಎಂದೆ. ಆಮೇಲೆ ರೇಷ್ಮೆ ಎಳೆಯ ವಿಷಯ, ಬೆರಳಿನ ವಿಷಯ ಹೇಳಿದೆ. ಚಿಕ್ಕಜ್ಜಿ ತಂದಳು, ನಾನು ಒಪ್ಪಿ ಹಾಕಿದೆ ಎಂದೂ ಹೇಳಿದೆ. ಅವಳು ನಿಪ್ಪಟ್ಟು ಮುರಿಯುತ್ತಾ ಕೇಳುತ್ತಿದ್ದಳು. ಕೊನೆಗೆ ಅಂಗಿ ಒಗೆದದ್ದನ್ನು ಹೇಳಿದಾಗ ಕೈ ನಿಂತಿತು.

“ಅದೊಂದೇ ಕಣಜ್ಜಿ ನಾನು ಕೇಳಿದ್ದು.”

ಹೌದು, ಅದೊಂದೇ ಎಂದೆ. ಅವಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡು, ಅಮ್ಮ ಹೇಳಬೇಡ ಎಂದಿರಬೇಕಲ್ಲ ಎಂದು ಕೇಳಿದಳು. ಹೂಂ ಎಂದೆ.

“ಗೊತ್ತಾದ್ರೆ ಓದಾಕಾಗಲ್ಲ ಅಂತ ತಾನೆ? ಏನೂ ಗೊತ್ತಿಲ್ದೆ ಕುಂತ್ರೇನೇ ಓದಾಕಾಗಲ್ಲ. ಸ್ಟಡಿ ಅವರ್ನಾಗೆ ಬುಕ್ ನೋಡ್ತಾ ಅವು ಸತ್ತೋಗವೇನೋ ಅಂತಾನೇ ಯೋಚ್ನೆ ಮಾಡ್ತಾ ಇರ್ತೀನಿ.” ಆಮೇಲೆ ದನಿ ಬದಲಾಯಿತು, ಕೆಲಸದ ಮಾತಿಗೆ ಬಂದಳು. ಬೂದುವಿಗೆ ಮೇಲಿನ ಅಟ್ಟಕ್ಕೆ ಹತ್ತಲು ಆಗುತ್ತದೆಯೇ ಎಂದು ಕೇಳಿದಳು. ಹತ್ತುತ್ತದೆ, ಇಳಿಯುವಾಗ ಹಿಡಿತ ತಪ್ಪುತ್ತದೆ ಎಂದೆ. ಹಾಗಾದರೆ ಎರಡೂ ಅಟ್ಟ ಕೆಳಗಿಳಿಸಬೇಕು, ಜೋಲಿಯನ್ನು ನೆಲದಿಂದ ಒಂದು ಗೇಣಿಗಿಂತ ಮೇಲೆ ಕಟ್ಟಬಾರದು, ಕೆಳಗೆ ದಪ್ಪಗೆ ಬಟ್ಟೆ ಹಾಸಬೇಕು ಎಂದಳು. ನಾನು ತಲೆಯಾಡಿಸಿದೆ.

“ಅವಕ್ಕಾದ್ರೆ ಕೆಳಗೆ ಬಟ್ಟೆ. ಇಲ್ಲಿ ನಮ್ಗೆ ಮಂಚದ ಮ್ಯಾಲೆ ಮಂಚ, ಹತ್ತೋ ಏಣೀನೇ ಅಲ್ಲಾಡ್ತೈತೆ. ನೀನೊಂದ್ಸಲ ಒಳಗ್ ಬಂದು ಬೆರಳಾಡ್ಸಿ ನೋಡಜ್ಜಿ.”

ಇಬ್ಬರಿಗೂ ನಗು ಬಂತು. ನಾನು ಬಂದ ಕೆಲಸ ಹೇಳಿದೆ: ಅವಳು ತೊಟ್ಟು ಬಿಟ್ಟ, ಒಗೆಯದ ಅಂಗಿಯೊಂದು ಬೇಕು. ಅವಳು ಒಳಗೆ ಓಡಿಹೋಗಿ, ರಾತ್ರಿ ತೊಡುವ ನೀಲಿ ಅಂಗಿಯನ್ನು ಪತ್ರಿಕೆಯಲ್ಲಿ ಸುತ್ತಿ ತಂದಳು. ಬಾಗಿಲಲ್ಲಿ ವಾರ್ಡನ್ ತಡೆದರು. ಬರುವವರೆಲ್ಲ ಒಗೆದ ಬಟ್ಟೆ ತಂದುಕೊಟ್ಟು ಹೋಗುತ್ತಾರೆ, ಒಗೆಯದ್ದನ್ನು ಕಟ್ಟಿಸಿಕೊಂಡು ಹೋಗುವವರನ್ನು ಅವರು ನೋಡಿರಲಿಲ್ಲ. “ಮಾಸಿನ ಬಟ್ಟಲಾ? ಎಂದುಕಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರು, ಕೊಳೆ ಬಟ್ಟೆ ಏತಕ್ಕೆ ಎಂದು. ಮನೆಯ ಇಲಿಗಳಿಗೆ ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ಅವರು ಪೊಟ್ಟಣ ಬಿಚ್ಚಿ, ಅಂಗಿ ಒದರಿ, ಜೇಬಿನಲ್ಲಿ ಚೀಟಿ ಏನಾದರೂ ಇದೆಯೇ ಎಂದು ಹುಡುಕಿದರು. ಏನೂ ಸಿಗದೆ ವಾಪಸು ಕೊಟ್ಟರು. ನನ್ನನ್ನು ನಂಬಿದರೋ ಇಲ್ಲವೋ ತಿಳಿಯದು. ನಾನು ಅವರ ಜಾಗದಲ್ಲಿದ್ದರೂ ಹುಡುಕುತ್ತಿದ್ದೆ.

ಮನೆಯಲ್ಲಿ ಆ ಅಂಗಿಯ ಗುಂಡಿಗಳನ್ನು ಕತ್ತರಿಸಿ ತೆಗೆದೆ, ಕಡಿದು ನುಂಗಿದರೆ ಕಷ್ಟ. ಅಂಚಿನ ಬಿಡಿ ದಾರಗಳನ್ನು ಕನ್ನಡಕ ಹಾಕಿಕೊಂಡು ಒಂದೂ ಬಿಡದೆ ಕತ್ತರಿಸಿದೆ. ಬಟ್ಟೆಯ ಪಟ್ಟಿಯಿಂದ ನಾಲ್ಕು ಮೂಲೆ ಕಟ್ಟಿದೆ. ನೀರಿಗೆ ಮಾತ್ರ ತೋರಿಸಲಿಲ್ಲ. ಕರಿದು ಬಂದು ಮೂಸಿ, ಕಾಲರನ್ನು ಬಾಯಲ್ಲಿ ಹಿಡಿದು ಎಳೆಯಿತು. ಬೂದು ಜೇಬಿನೊಳಗೆ ಸೇರಿಕೊಂಡಿತು. ಅಂದಿನಿಂದ ಅದೇ ಅವುಗಳ ಜಾಗ. ಅದು ಹಳೆಯದಾದಂತೆ ಮುಂದಿನ ಭೇಟಿಗಳಲ್ಲಿ ಬೇರೆ ತಂದೆ. ವಾರ್ಡನ್ ಪ್ರತಿ ಸಲವೂ ಜೇಬು ನೋಡುತ್ತಿದ್ದರು.

ದಸರಾ ರಜೆಗೆ ಮೊಮ್ಮಗಳನ್ನು ಕರೆದೊಯ್ಯಲು ಮಗಳು ಕಲ್ಯಾಣದುರ್ಗದಿಂದ ಬಂದಳು. ಇಬ್ಬರೂ ಆಟೋದಲ್ಲಿ ಕಾಲೇಜಿನಿಂದ ಮನೆಗೆ ಬಂದರು, ಪೆಟ್ಟಿಗೆ, ಹಾಸಿಗೆ ಸುರುಳಿ, ಮೈತುಂಬ ಧೂಳು. ನನ್ನ ಮನೆಯಲ್ಲಿ ಯಾರೇ ಬಂದರೂ ಅಂಗಳದ ನಲ್ಲಿಯ ಬಳಿ ಸೋಪಿನಿಂದ ಕೈಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ. ಪ್ರಯಾಣ ಮಾಡಿ ಬಂದವರಿಗೆ ಸ್ನಾನ ಮೊದಲು. ನಾನು ನೀರು ಕಾಯಿಸಿಟ್ಟಿದ್ದೆ, ಸೋಪು ಟವೆಲು ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವಳೂ ರೂಢಿಯಂತೆ ನಲ್ಲಿಯ ಕಡೆ ಹೊರಟಳು.

“ತೊಳೀಬ್ಯಾಡ. ಹಂಗೇ ಹೋಗು,” ಎಂದೆ.

ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಮೊಮ್ಮಗಳು ಪಂಜರದ ಬಾಗಿಲು ತೆರೆದು ನೆಲದ ಮೇಲೆ ಕುಳಿತು ಕೈ ಚಾಚಿದಳು. ಕರಿದು ತಡಮಾಡಲಿಲ್ಲ. ಒಮ್ಮೆ ಮೂಸಿ ತೋಳಿನ ಮೇಲೆ ಓಡಿ ಹೆಗಲು ಸೇರಿತು. ಬೂದು ಬಾಗಿಲ ತನಕ ಬಂತು. ಅವಳ ಬೆರಳ ತುದಿಯನ್ನು ಮೂಸಿತು, ಹಿಂದೆ ನಿಂತಿದ್ದ ನನ್ನ ಸೀರೆಯ ಕಡೆಗೆ ಮೂಗು ಎತ್ತಿತು, ಆಮೇಲೆ ತಿರುಗಿ ಮಡಕೆಯೊಳಗೆ ಹೋಯಿತು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಮರ್ತೋಯ್ತು,” ಎಂದಳು, ಯಾರಿಗೂ ಅಲ್ಲದಂತೆ.

ಇಷ್ಟು ತಿಂಗಳು ಅದಕ್ಕೆ ಊಟ ಹಾಕಿದವಳು ನಾನು, ಔಷಧಿ ಹಾಕಿದವಳೂ ನಾನು. ನಾನು ಆ ಕೋಣೆಯಲ್ಲಿ ಇರುವತನಕ ಅದು ನನ್ನ ಕಡೆಗೇ ನೋಡುತ್ತದೆ. ಸುಮ್ಮನೆ ಕೈ ಅಲ್ಲೇ ಇಟ್ಟುಕೊಂಡಿರು ಎಂದು ಹೇಳಿ, ಮಗಳನ್ನೂ ಕರೆದುಕೊಂಡು ಅಡುಗೆಮನೆಗೆ ಹೋದೆ. ಹಾಲು ಕಾಯಿಸಿದೆ. ನಡುಮನೆಯಿಂದ ಏನೂ ಕೇಳಿಸಲಿಲ್ಲ. ಮಗಳು ಎದ್ದು ನೋಡಲು ಹೊರಟಳು, ಕೂರಿಸಿದೆ. ಇನ್ನಷ್ಟು ಹೊತ್ತಾದ ಮೇಲೆ ಮೊಮ್ಮಗಳ ದನಿ ಬಂತು, ತುಂಬ ಸಣ್ಣಗೆ.

“ಅಜ್ಜಿ, ಇಲ್ಲಿ ಬರ್ಬ್ಯಾಡ. ಅಲ್ಲೇ ಇರು.”

ನಾನು ಅಲ್ಲೇ ಇದ್ದೆ. ಬಾಗಿಲ ಸಂದಿಯಿಂದ ನೋಡಿದಾಗ ಅವಳು ನೆಲದ ಮೇಲೆ ಮೈ ಚಾಚಿ ಮಲಗಿದ್ದಳು. ಬೂದುವಿನ ಬಾಲ ಅವಳ ಅಂಗಿಯ ಕಾಲರಿನಿಂದ ಹೊರಗೆ ಕಾಣುತ್ತಿತ್ತು, ಉಳಿದದ್ದೆಲ್ಲ ಒಳಗೆ, ಕೊರಳಿನ ಪಕ್ಕದಲ್ಲಿ. ಅವಳು ಉಸಿರನ್ನೂ ಜೋರಾಗಿ ಬಿಡುತ್ತಿರಲಿಲ್ಲ.

ಸ್ನಾನ ಯಾವಾಗ, ಬಸ್ಸಿಗೆ ಹೊತ್ತಾಗುತ್ತದೆ ಎಂದು ಮಗಳು ಕೇಳಿದಳು. ಮುಂದಿನ ಬಸ್ಸಿಗೆ ಹೋದರಾಯಿತು ಎಂದೆ. ಕಾಯಿಸಿದ ನೀರು ತಣ್ಣಗಾಯಿತು. ಇನ್ನೊಮ್ಮೆ ಒಲೆ ಹಚ್ಚಿದೆ.